200 ಗ್ರಾಂ ಒಣದ್ರಾಕ್ಷಿ ಎಂದರೆ ಎಷ್ಟು ಕಪ್?

ಒಲೆಯ ಮುಂದೆ
ಎಲ್ಲರಿಗೂ ನಮಸ್ಕಾರ. ನನ್ನ ಡಿಜಿಟಲ್ ತಕ್ಕಡಿ ಕೆಟ್ಟುಹೋಗಿದೆ, ಹೊಸದು ಬರುವ ತನಕ ಕಪ್ಪೇ ಗತಿ. ಮಾಡಬೇಕೆಂದಿರುವ ಕೇಕಿನ ರೆಸಿಪಿಯಲ್ಲಿ ಎಲ್ಲವೂ ಗ್ರಾಂ ಲೆಕ್ಕ: ಒಣದ್ರಾಕ್ಷಿ 200 ಗ್ರಾಂ, ಒಣ ಏಪ್ರಿಕಾಟ್ 100 ಗ್ರಾಂ, ಹೆಚ್ಚಿದ ಖರ್ಜೂರ 75 ಗ್ರಾಂ. ಹಿಟ್ಟು, ಸಕ್ಕರೆಯ ಕಪ್ ಲೆಕ್ಕ ನನಗೆ ಬಾಯಿಪಾಠ. ತೊಡಕಿರುವುದು ಹಣ್ಣಿನಲ್ಲಿ.

ಹೋದ ವಾರ ನೀರಿನ ಲೆಕ್ಕವನ್ನೇ ಹಿಡಿದೆ. 200 ಗ್ರಾಂ ಅಂದರೆ 200 ಮಿ.ಲೀ. ಎಂದುಕೊಂಡು ಅಳತೆ ಜಗ್ಗಿನಲ್ಲಿ ಆ ಗೆರೆಯವರೆಗೆ ದ್ರಾಕ್ಷಿ ತುಂಬಿ ಸುರಿದೆ. ಕೇಕ್ ಕೊಯ್ದರೆ ಒಂದು ತುಂಡಿನಲ್ಲಿ ಎರಡು ದ್ರಾಕ್ಷಿ, ಪಕ್ಕದ ತುಂಡಿನಲ್ಲಿ ಒಂದೂ ಇಲ್ಲ. ಆಮೇಲೆ ಹುಡುಕಿದಾಗ ಒಂದು ಕಪ್ ಒಣದ್ರಾಕ್ಷಿ ಒಂದು ಕಡೆ 145 ಗ್ರಾಂ, ಇನ್ನೊಂದು ಕಡೆ 150, ಮತ್ತೊಂದು ಕಡೆ 165. ಯಾವುದನ್ನು ನಂಬಲಿ? ನನ್ನ ಕಪ್ಪಿನ ತಳದಲ್ಲಿ 250 ಮಿ.ಲೀ. ಎಂದು ಅಚ್ಚಾಗಿದೆ.

ಅಳತೆಗೋಲು
ಮೂರನ್ನೂ ನಂಬಬಹುದು. ಅಮೆರಿಕದ ಕೃಷಿ ಇಲಾಖೆಯ ಆಹಾರ ಪಟ್ಟಿಯಲ್ಲೇ ಬೀಜರಹಿತ ಒಣದ್ರಾಕ್ಷಿಗೆ ಎರಡು ಸಾಲುಗಳಿವೆ: ಸಡಿಲವಾಗಿ ತುಂಬಿದ ಕಪ್ 145 ಗ್ರಾಂ, ಅದುಮಿ ತುಂಬಿದ ಕಪ್ 165 ಗ್ರಾಂ. ಅಲ್ಲಿಂದ ಅಂಕಿಯನ್ನು ಎತ್ತಿಕೊಳ್ಳುವವರು ಹೇಗೆ ತುಂಬಿದ್ದು ಎಂಬ ಮಾತನ್ನು ಅಲ್ಲೇ ಬಿಟ್ಟು ಬರುತ್ತಾರೆ. 150 ಎಂಬುದು ನೆನಪಿಡಲು ಸುಲಭವಾಗಲೆಂದು ದುಂಡಾಗಿಸಿದ ಅಂಕಿ ಇರಬೇಕು.

ಆದರೆ ಆ ಪಟ್ಟಿಯ ಕಪ್ ಸುಮಾರು 237 ಮಿ.ಲೀ. ನಿಮ್ಮದು 250. ಆದ್ದರಿಂದ ನಿಮ್ಮ ಕಪ್ಪಿನಲ್ಲಿ ಸಡಿಲವಾಗಿ ತುಂಬಿದರೆ 153 ಗ್ರಾಂ, ಅದುಮಿದರೆ 174 ಗ್ರಾಂ. 200 ಗ್ರಾಂ ಬೇಕಿದ್ದರೆ ಅದುಮದೆ ಒಂದು ಕಪ್ ಮತ್ತು ಮೂರನೇ ಒಂದು ಕಪ್ ಹಾಕಿ. ಏಪ್ರಿಕಾಟ್ ಹೋಳುಗಳು ಆ ಪಟ್ಟಿಯಲ್ಲಿ ಕಪ್ಪಿಗೆ 130 ಗ್ರಾಂ, ನಿಮ್ಮಲ್ಲಿ 137. ಅಂದರೆ 100 ಗ್ರಾಮಿಗೆ ಮುಕ್ಕಾಲು ಕಪ್ಪಿಗಿಂತ ಒಂದು ಚೂರು ಕಡಿಮೆ. ಹೆಚ್ಚಿದ ಖರ್ಜೂರ 147, ನಿಮ್ಮಲ್ಲಿ 155; ಅರ್ಧ ಕಪ್ ಸಾಕು.

ಹಳೆಯ ಕೈ
ಇಷ್ಟೆಲ್ಲ ಏಕೆ? ಹಣ್ಣು ಹಿಟ್ಟಿನಂತಲ್ಲ. 20 ಗ್ರಾಂ ಹೆಚ್ಚಾದರೂ ಕಡಿಮೆಯಾದರೂ ಕೇಕ್ ಕೇಕೇ. ನಾನು ಮೂವತ್ತು ವರ್ಷಗಳಿಂದ ಹಿಡಿಯ ಲೆಕ್ಕದಲ್ಲಿ ಹಾಕುತ್ತಿದ್ದೇನೆ.

ತಕ್ಕಡಿ ಪಕ್ಷ
ನಿಮ್ಮ ಹಿಡಿಗೆ ಮೂವತ್ತು ವರ್ಷದ ಅಭ್ಯಾಸವಿದೆ. ಪ್ರಶ್ನೆ ಕೇಳಿದವರ ಹಿಡಿಗೆ ಇಲ್ಲವಲ್ಲ.

ಒಣಹಣ್ಣನ್ನು ಕಪ್ಪಿನಲ್ಲಿ ಅಳೆಯುವುದೇ ತಪ್ಪು ಎಂಬುದು ನನ್ನ ನಿಲುವು. ತಕ್ಕಡಿ ಬರುವವರೆಗೆ ಕಾಯಿರಿ.

ಹೊಸ ಕೈ
ನೀರಿನ ಲೆಕ್ಕ ಏಕೆ ತಪ್ಪಿತು ಎಂಬುದು ನನಗೆ ಅರ್ಥವಾಗಲಿಲ್ಲ. ದ್ರಾಕ್ಷಿ ನೀರಿನಲ್ಲಿ ಮುಳುಗುತ್ತದೆ, ಅಂದರೆ ನೀರಿಗಿಂತ ಭಾರ. ಹಾಗಿದ್ದರೆ 200 ಮಿ.ಲೀ. ದ್ರಾಕ್ಷಿ 200 ಗ್ರಾಮಿಗಿಂತ ಹೆಚ್ಚೇ ಇರಬೇಕಿತ್ತು. ಇಲ್ಲಿ ನೋಡಿದರೆ ಉಲ್ಟಾ.

ಪಾಠದ ಮೇಷ್ಟ್ರು
ಈ ಎಳೆಯಲ್ಲಿ ಬಂದಿರುವ ಒಳ್ಳೆಯ ಪ್ರಶ್ನೆ ಇದು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದೇ ಒಂದು ದ್ರಾಕ್ಷಿಯನ್ನು ಹಿಡಿದು ನೋಡಿದರೆ ಅದು ನೀರಿಗಿಂತ ಭಾರವೇ. ಒಣದ್ರಾಕ್ಷಿಯಲ್ಲಿ ನೀರಿನ ಅಂಶ ಸುಮಾರು 15 ಪ್ರತಿಶತ ಮಾತ್ರ, ಉಳಿದದ್ದರಲ್ಲಿ ಹೆಚ್ಚಿನ ಪಾಲು ಸಕ್ಕರೆ. ಒಂದು ಮಿಲಿಲೀಟರ್ ಗಾತ್ರದ ದ್ರಾಕ್ಷಿಯ ತಿರುಳು ಹೆಚ್ಚುಕಡಿಮೆ 1.4 ಗ್ರಾಂ ತೂಗುತ್ತದೆ. ಆದರೆ ಕಪ್ಪಿನಲ್ಲಿ ಇರುವುದು ದ್ರಾಕ್ಷಿ ಮಾತ್ರವಲ್ಲ, ದ್ರಾಕ್ಷಿಗಳ ನಡುವಿನ ಗಾಳಿಯೂ ಇದೆ. ಲೆಕ್ಕ ಹಾಕಿ: 145 ಗ್ರಾಮನ್ನು 1.4ರಿಂದ ಭಾಗಿಸಿದರೆ ಸುಮಾರು 104 ಮಿ.ಲೀ. ಕಪ್ 237 ಮಿ.ಲೀ. ಅಂದರೆ ತುಂಬಿದ ಕಪ್ಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಗಾಳಿಯದ್ದು!

ನುಣುಪಾದ, ಒಂದೇ ಗಾತ್ರದ ಗೋಲಿಗಳನ್ನು ಡಬ್ಬಿಗೆ ಸುರಿದು ಚೆನ್ನಾಗಿ ಕುಲುಕಿದರೂ ಅವು ಜಾಗದ 64 ಪ್ರತಿಶತದಷ್ಟನ್ನು ಮಾತ್ರ ತುಂಬುತ್ತವೆ. ದ್ರಾಕ್ಷಿಗೆ ಸುಕ್ಕುಗಳಿವೆ, ಅಂಟಿದೆ, ಒಂದರ ಮೇಲೊಂದು ಜಾರುವುದಿಲ್ಲ. ಆದ್ದರಿಂದ ಇನ್ನೂ ಕಡಿಮೆ ತುಂಬುತ್ತದೆ. ಅದುಮಿದಾಗ ನೀವು ಹಿಂಡಿ ಹೊರಹಾಕುವುದು ಆ ಗಾಳಿಯನ್ನೇ. 145 ಮತ್ತು 165ರ ನಡುವಿನ ಅಂತರ ಪೂರ್ತಿ ಅದೇ.

ಮೊದಲ ಕೇಕಿನ ಕಥೆಯೂ ಇದರಿಂದ ತಿಳಿಯುತ್ತದೆ. ಜಗ್ಗಿನಲ್ಲಿ 200 ಮಿ.ಲೀ. ಗೆರೆಯವರೆಗೆ ಸಡಿಲವಾಗಿ ತುಂಬಿದ ದ್ರಾಕ್ಷಿ ಸುಮಾರು 122 ಗ್ರಾಂ. 200ರ ಬದಲು 122 ಹೋದರೆ ಕೆಲವು ತುಂಡುಗಳು ಬರಿದಾಗಿ ಉಳಿಯುವುದು ಸಹಜ.

ಕಿಟಕಿ ಪಕ್ಕ
ಹಾಗಿದ್ದರೆ ಗಾಳಿಯನ್ನೇ ಲೆಕ್ಕದಿಂದ ತೆಗೆದುಬಿಡಬಹುದಲ್ಲ? ಬೆಣ್ಣೆ ಅಳೆಯುವಾಗ ಮಾಡುವಂತೆ ಜಗ್ಗಿಗೆ ನೀರು ಹಾಕಿ, ಹಣ್ಣು ಮುಳುಗಿಸಿ, ನೀರು ಎಷ್ಟು ಏರಿತು ಎಂದು ನೋಡುವುದು. ಒಂದು ಕಪ್ಪಿನಷ್ಟು ಏರಿದರೆ ಒಂದು ಕಪ್ ಹಣ್ಣು. ನಾನು ಇದನ್ನೇ ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ.

ಪಾಠದ ಮೇಷ್ಟ್ರು
ದಯವಿಟ್ಟು ಹೇಳಬೇಡಿ. ಬೆಣ್ಣೆಯ ಕಪ್ಪಿನಲ್ಲಿ ಗಾಳಿ ಇಲ್ಲ, ಹಾಗಾಗಿ ಅಲ್ಲಿ ಅದು ಸರಿ. ರೆಸಿಪಿ ಬರೆದವರು ಒಂದು ಕಪ್ ಒಣದ್ರಾಕ್ಷಿ ಎಂದಾಗ ಗಾಳಿಯನ್ನೂ ಸೇರಿಸಿಯೇ ಹೇಳಿರುತ್ತಾರೆ. ನಿಮ್ಮ ವಿಧಾನದಲ್ಲಿ 250 ಮಿ.ಲೀ. ನೀರು ಏರಬೇಕಿದ್ದರೆ ಸುಮಾರು 350 ಗ್ರಾಂ ದ್ರಾಕ್ಷಿ ಬೇಕು. ಹಾಕಬೇಕಾದದ್ದು 153. ಇಮ್ಮಡಿಗಿಂತ ಹೆಚ್ಚಾಯಿತು.

ಕಿಟಕಿ ಪಕ್ಕ
ಒಪ್ಪಿದೆ. ಆದರೆ ಗ್ರಾಂ ಲೆಕ್ಕ ಕೊಟ್ಟಿದ್ದರೆ ಈ ವಿಧಾನ ನಡೆಯುತ್ತದೆ ತಾನೇ? 200 ಗ್ರಾಮನ್ನು 1.4ರಿಂದ ಭಾಗಿಸಿ, 143 ಮಿ.ಲೀ. ನೀರು ಏರುವವರೆಗೆ ದ್ರಾಕ್ಷಿ ಹಾಕುತ್ತಾ ಹೋಗುವುದು.

ಪಾಠದ ಮೇಷ್ಟ್ರು
ಹಾಗೆ ಬಳಸಿದರೆ ನಡೆಯುತ್ತದೆ, ಸುಕ್ಕುಗಳಲ್ಲಿ ಸಿಕ್ಕಿಕೊಂಡ ಗುಳ್ಳೆಗಳು ಬಿಡುವಂತೆ ಒಮ್ಮೆ ಕಲಕಬೇಕು. ಹೇಗೂ ನೆನೆಸಿ ಹಾಕುವುದಿದ್ದರೆ ಮಾತ್ರ ಮಾಡಿ, ಇಲ್ಲವಾದರೆ ಒದ್ದೆ ಹಣ್ಣು ಕೇಕಿನ ನೀರಿನ ಲೆಕ್ಕವನ್ನೂ ಕೆಡಿಸುತ್ತದೆ.

ಬೇಕರಿ ಬೆಳಗು
ಹಳೆಯ ಕೈ ಅವರ ಮಾತಿಗೆ ಉತ್ತರ. ನಾನು ದಿನವೂ ಬ್ರೆಡ್ ಮಾಡುವ ಕೆಲಸದಲ್ಲಿದ್ದೇನೆ. ಹಣ್ಣಿನ ತೂಕ ಮುಖ್ಯವಲ್ಲ ಎಂಬ ಮಾತು ಕೆಲವು ಕಡೆ ಸರಿ, ಕೆಲವು ಕಡೆ ಖಂಡಿತ ತಪ್ಪು. ಮಫಿನ್ನಿಗೆ ನಾಲ್ಕು ದ್ರಾಕ್ಷಿ ಹೆಚ್ಚು ಬಿದ್ದರೆ ಯಾರಿಗೂ ತಿಳಿಯುವುದಿಲ್ಲ. ಬ್ರೆಡ್ ಹಿಟ್ಟಿನಲ್ಲಿ ಹಾಗಲ್ಲ. ನೆನೆಸದ ಒಣಹಣ್ಣು ಹಿಟ್ಟಿನ ನೀರನ್ನು ಕುಡಿಯುತ್ತದೆ. ಹಣ್ಣು ಹೆಚ್ಚಿದಷ್ಟೂ ಹಿಟ್ಟು ಬಿಗಿಯುತ್ತದೆ, ಸರಿಯಾಗಿ ಉಬ್ಬುವುದಿಲ್ಲ. ಇನ್ನು ಖರ್ಜೂರವನ್ನು ಅರೆದು ಓಟ್ಸ್ ಜೊತೆ ಕಲಸಿ ಕಟ್ಟುವ ಬಾರ್‌ಗಳಲ್ಲಿ ಖರ್ಜೂರವೇ ಅಂಟು. ಅದು 40 ಗ್ರಾಂ ಕಡಿಮೆಯಾದರೆ ಬಾರ್ ಕತ್ತರಿಸುವಾಗಲೇ ಉದುರುತ್ತದೆ.

ಇನ್ನೊಂದು ಮಾತು. ತೂಗಿ ನೆನೆಸಿ, ನೆನೆಸಿ ತೂಗಬೇಡಿ. ರೆಸಿಪಿಯಲ್ಲಿ ಬೇರೆ ಏನೂ ಹೇಳಿಲ್ಲದಿದ್ದರೆ ಕೊಟ್ಟಿರುವುದು ಒಣ ತೂಕ. ನೆನೆದ ದ್ರಾಕ್ಷಿ ಉಬ್ಬಿ ಕಪ್ಪನ್ನು ಬೇಗ ತುಂಬುತ್ತದೆ, ನೀರು ಕುಡಿದು ತೂಕವೂ ಏರಿರುತ್ತದೆ. ಎರಡು ಕಡೆಯಿಂದಲೂ ಲೆಕ್ಕ ತಪ್ಪುತ್ತದೆ.

ಹಳೆಯ ಕೈ
ಬ್ರೆಡ್ಡಿನ ವಿಷಯ ಒಪ್ಪುತ್ತೇನೆ. ಕೇಕಿನ ವಿಷಯದಲ್ಲಿ ನನ್ನ ಮಾತು ಬದಲಾಗುವುದಿಲ್ಲ.

ಹಿಟ್ಟಿನ ಕೈ
ಕೇಕಿನಲ್ಲೂ ಮಿತಿ ಇದೆ, ಅಕ್ಕ. ತೆಳುವಾದ ಕಲಸಿನಲ್ಲಿ ಹಣ್ಣು ಹೆಚ್ಚಾದರೆ ತಳ ಸೇರುತ್ತದೆ.

ಹೊಸ ಕೈ
ಹಣ್ಣಿಗೆ ಹಿಟ್ಟು ಸವರಿದರೆ ಮುಳುಗುವುದಿಲ್ಲ ಎನ್ನುತ್ತಾರಲ್ಲ?

ಹಿಟ್ಟಿನ ಕೈ
ತುಂಡುಗಳು ಒಂದಕ್ಕೊಂದು ಅಂಟದಂತೆ ಬಿಡಿಬಿಡಿಯಾಗಿಸಲು ಹಿಟ್ಟು ಖಂಡಿತ ಸಹಾಯ ಮಾಡುತ್ತದೆ. ಹಣ್ಣನ್ನು ಎತ್ತಿ ಹಿಡಿಯುವುದು ಕಲಸಿನ ದಪ್ಪ. ದಪ್ಪ ಕಲಸಿನಲ್ಲಿ ಬರಿಯ ಹಣ್ಣೂ ನಿಲ್ಲುತ್ತದೆ. ದೊಡ್ಡ ತುಂಡುಗಳನ್ನು ಚಿಕ್ಕದಾಗಿ ಹೆಚ್ಚಿ ನೋಡಿ, ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ರಾತ್ರಿ ಓದುಗ
ಹೆಚ್ಚುವ ಮಾತು ಬಂತಲ್ಲ, ಅದರಲ್ಲೇ ನನಗೆ ಸದಾ ಗೊಂದಲ. ‘ಒಂದು ಕಪ್ ಹೆಚ್ಚಿದ ಖರ್ಜೂರ’ ಮತ್ತು ‘ಒಂದು ಕಪ್ ಖರ್ಜೂರ, ಹೆಚ್ಚಿದ್ದು’ ಎರಡೂ ಒಂದೇ ಅಲ್ಲವೇ?

ತಕ್ಕಡಿ ಪಕ್ಷ
ಅಲ್ಲ. ಮೊದಲನೆಯದರಲ್ಲಿ ಹೆಚ್ಚಿ ಆಮೇಲೆ ಕಪ್ಪಿಗೆ ತುಂಬಬೇಕು. ಎರಡನೆಯದರಲ್ಲಿ ಇಡೀ ಹಣ್ಣನ್ನು ಕಪ್ಪಿಗೆ ತುಂಬಿ, ಸುರಿದುಕೊಂಡು, ಆಮೇಲೆ ಹೆಚ್ಚಬೇಕು. ಇಡೀ ಖರ್ಜೂರಗಳ ನಡುವೆ ದೊಡ್ಡ ಸಂದುಗಳಿರುತ್ತವೆ, ಆದ್ದರಿಂದ ಎರಡನೆಯದರಲ್ಲಿ ಹಣ್ಣು ಸಾಮಾನ್ಯವಾಗಿ ಕಡಿಮೆ ಬೀಳುತ್ತದೆ. ಬೀಜ ತೆಗೆದದ್ದೋ ಬೀಜ ಸಹಿತವೋ ಎಂಬುದು ಇನ್ನೊಂದು ಗಂಟು. ಒಂದು ಅಲ್ಪವಿರಾಮದ ಮೇಲೆ ಕೇಕ್ ನಿಲ್ಲಬೇಕೇ? ಬೀಜ ತೆಗೆದ ಖರ್ಜೂರ 150 ಗ್ರಾಂ ಎಂದು ಬರೆದರೆ ಹೇಗೆ ಹೆಚ್ಚಿದರೂ 150 ಗ್ರಾಮೇ. ಅದಕ್ಕೇ ನಾನು ತಕ್ಕಡಿ ಎಂದು ಹಟ ಹಿಡಿಯುವುದು.

ಬೇಕರಿ ಬೆಳಗು
ಮೆತ್ತಗಿನ ಖರ್ಜೂರ ಹೆಚ್ಚಿದ ಮೇಲೂ ಮುದ್ದೆಯಾಗುತ್ತದೆ. ಅರ್ಧ ಗಂಟೆ ಫ್ರೀಜರಿನಲ್ಲಿಟ್ಟು ಹೆಚ್ಚಿ, ಚಾಕುವಿಗೆ ಒಂದು ಹನಿ ಎಣ್ಣೆ ಸವರಿ. ತುಂಡುಗಳು ಬಿಡಿಯಾಗಿದ್ದರೆ ಕಪ್ಪಿನ ಲೆಕ್ಕ ಪ್ರತಿ ಸಲವೂ ಹತ್ತಿರ ಹತ್ತಿರ ಒಂದೇ ಬರುತ್ತದೆ.

ದಾರಿಹೋಕ
ಕಪ್ ಎಂದರೆ ಯಾವ ಕಪ್ ಎಂಬುದನ್ನೂ ಯಾರಾದರೂ ಒತ್ತಿ ಹೇಳಬೇಕು. ನಾನು ಎರಡು ವರ್ಷ ರೈಸ್ ಕುಕ್ಕರಿನೊಂದಿಗೆ ಬಂದ ಪ್ಲಾಸ್ಟಿಕ್ ಕಪ್ಪಿನಲ್ಲಿ ಎಲ್ಲವನ್ನೂ ಅಳೆದೆ. ಅದು 180 ಮಿ.ಲೀ. ಎಂದು ತಿಳಿದದ್ದು ಒಂದು ದಿನ ಅದರಿಂದ ಜಗ್ಗಿಗೆ ನೀರು ಸುರಿದಾಗ. ಹಿಟ್ಟು, ಸಕ್ಕರೆ, ಹಣ್ಣು ಎಲ್ಲವೂ ಒಂದೇ ಪ್ರಮಾಣದಲ್ಲಿ ಕಡಿಮೆಯಾಗುತ್ತಿದ್ದುದರಿಂದ ಕೇಕ್ ಹೇಗೋ ಬರುತ್ತಿತ್ತು, ಮೊಟ್ಟೆ ಮಾತ್ರ ಹೆಚ್ಚಾಗಿ ರಬ್ಬರಿನಂತೆ ಆಗುತ್ತಿತ್ತು. ಕಾರಣ ತಿಳಿಯದೆ ಒಲೆಯನ್ನು ಬೈದುಕೊಂಡಿದ್ದೆ.

ಅಳತೆಗೋಲು
ಮುಖ್ಯವಾದ ಮಾತು. ಅಮೆರಿಕದ ಅಡುಗೆ ಕಪ್ 236.6 ಮಿ.ಲೀ., ಅಲ್ಲಿನ ಆಹಾರದ ಲೇಬಲ್‌ಗಳಲ್ಲಿ 240. ಮೆಟ್ರಿಕ್ ಕಪ್ 250. ಜಪಾನಿನ ಅಡುಗೆ ಕಪ್ 200. ಬ್ರಿಟನ್ನಿನ ಹಳೆಯ ಪುಸ್ತಕಗಳಲ್ಲಿ ಅರ್ಧ ಪೈಂಟಿನ ಕಪ್ ಬಂದರೆ ಅದು 284. ದೊಡ್ಡ ಚಮಚ ಬಹುತೇಕ ಕಡೆ 15 ಮಿ.ಲೀ., ಆಸ್ಟ್ರೇಲಿಯಾದಲ್ಲಿ 20. ಒಂದು ದೊಡ್ಡ ಚಮಚ ದ್ರಾಕ್ಷಿ ಸುಮಾರು 9 ಗ್ರಾಂ ಎಂದರೆ ಅದು 15ರ ಚಮಚದ ಲೆಕ್ಕ.

ರಾತ್ರಿ ಓದುಗ
ಔನ್ಸನ್ನು ಬಿಟ್ಟಿರಿ. ನನಗೆ ಏಟು ಕೊಟ್ಟದ್ದು ಅದೇ. ಒಂದು ಕಪ್ ಎಂದರೆ 8 ಔನ್ಸ್ ಎಂದು ಓದಿದ್ದೆ. ರೆಸಿಪಿಯಲ್ಲಿ 8 ಔನ್ಸ್ ಒಣದ್ರಾಕ್ಷಿ ಇತ್ತು. ಒಂದು ಕಪ್ ಹಾಕಿದೆ. ಆ 8 ಔನ್ಸ್ ದ್ರವದ ಅಳತೆ, ಈ 8 ಔನ್ಸ್ ತೂಕ ಎಂದು ಆಮೇಲೆ ತಿಳಿಯಿತು. ತೂಕದ ಔನ್ಸ್ 28.35 ಗ್ರಾಂ, ಹಾಗಾಗಿ ಬೇಕಾಗಿದ್ದದ್ದು 227 ಗ್ರಾಂ, ಬಿದ್ದದ್ದು 145.

ಅಳತೆಗೋಲು
ಹೌದು, ಅಮೆರಿಕದ ಕಪ್ಪಿನಲ್ಲಿ ಒಂದೂವರೆ ಕಪ್ಪಿಗಿಂತ ಸ್ವಲ್ಪ ಹೆಚ್ಚೇ ಬೇಕಿತ್ತು. ಒಂದೇ ಹೆಸರು, ಎರಡು ಅಳತೆ. ಈ ಒಂದು ಪದದಿಂದ ಕೆಟ್ಟ ಅಡುಗೆಗೆ ಲೆಕ್ಕವಿಲ್ಲ.

ದಾರಿಹೋಕ
ಹೆಸರಿನ ಗೊಂದಲ ಎಂದರೆ ‘ಕರೆಂಟ್ಸ್’ ಕೂಡ. ರೆಸಿಪಿಯಲ್ಲಿ ಒಣ ಕರೆಂಟ್ಸ್ ಎಂದಿದ್ದರೆ ಅದು ಪುಟ್ಟ ಕಪ್ಪು ದ್ರಾಕ್ಷಿ. ಗ್ರೀಸಿನ ಕೊರಿಂತ್ ಊರಿನ ಹೆಸರಿನಿಂದ ಬಂದ ಪದ. ಕೆಂಪು, ಕಪ್ಪು ಕರೆಂಟ್ ಎಂಬ ಪೊದೆಯ ಹಣ್ಣುಗಳು ಬೇರೆಯೇ ಕುಲದವು. ಕಪ್ಪಿಗೆ ಎಷ್ಟು ಗ್ರಾಂ ಗೊತ್ತೇ ಯಾರಿಗಾದರೂ?

ಅಳತೆಗೋಲು
ಅದೇ ಪಟ್ಟಿಯಲ್ಲಿ 144. ಕಾಳು ಅಷ್ಟು ಚಿಕ್ಕದಾದರೂ ಸಾಮಾನ್ಯ ಒಣದ್ರಾಕ್ಷಿಯ ಹತ್ತಿರವೇ.

ಹೊಸ ಕೈ
ಚಿಕ್ಕದಾದರೆ ಹೆಚ್ಚು ಹಿಡಿಯಬೇಕಲ್ಲವೇ?

ಪಾಠದ ಮೇಷ್ಟ್ರು
ಹಾಗೆನಿಸುವುದು ಸಹಜ. ಕಪ್ಪಿಗೆ ಹೋಲಿಸಿದರೆ ಕಾಳುಗಳು ಸಾಕಷ್ಟು ಚಿಕ್ಕದಾಗಿದ್ದಾಗ ಅವುಗಳ ಗಾತ್ರ ಗಣನೆಗೆ ಬರುವುದಿಲ್ಲ. ಕಾಳು ಚಿಕ್ಕದಾದರೆ ಸಂದುಗಳೂ ಚಿಕ್ಕವು, ಆದರೆ ಸಂದುಗಳ ಸಂಖ್ಯೆ ಹೆಚ್ಚು. ಒಟ್ಟು ಗಾಳಿ ಅಷ್ಟೇ ಉಳಿಯುತ್ತದೆ. ಲೆಕ್ಕ ಬದಲಿಸುವುದು ಆಕಾರ, ಅಂಟು, ಅದುಮಿದ ಬಲ.

ಹಣ್ಣು ದೊಡ್ಡದಾಗಿ ಪಾತ್ರೆ ಚಿಕ್ಕದಾದಾಗ ಮಾತ್ರ ಗಾತ್ರ ಕಾಡುತ್ತದೆ. ಪಾತ್ರೆಯ ಗೋಡೆಗೆ ತಾಗಿದ ಕಡೆ ಸಂದು ಹೆಚ್ಚು. ಏಪ್ರಿಕಾಟನ್ನು ಕಾಲು ಕಪ್ಪಿನ ಅಳತೆಯಲ್ಲಿ ನಾಲ್ಕು ಸಲ ಹಾಕಿದರೆ ದೊಡ್ಡ ಕಪ್ಪಿನಲ್ಲಿ ಒಮ್ಮೆ ಹಾಕಿದಷ್ಟು ಬರುವುದಿಲ್ಲ. ಇಡೀ ಹಣ್ಣಿಗೆ ಸಾಧ್ಯವಾದಷ್ಟು ದೊಡ್ಡ ಅಳತೆಯನ್ನೇ ಬಳಸಿ.

ಹಳೆಯ ಕೈ
ದೊಡ್ಡ ಹಣ್ಣನ್ನು ಕಪ್ಪಿಗೆ ತುರುಕುವುದೇ ಬೇಡ, ಎಣಿಸಿ. ಬೀಜ ತೆಗೆದ ದೊಡ್ಡ ಮೆಡ್ಜೂಲ್ ಖರ್ಜೂರ ಒಂದಕ್ಕೆ 24 ಗ್ರಾಂ. ಸಣ್ಣ ಜಾತಿಯದು ಒಂದಕ್ಕೆ 7 ಗ್ರಾಂ. ಬೀಜ ತೆಗೆದ ಪ್ರೂನ್ (ಒಣ ಪ್ಲಮ್) 9ರಿಂದ 10. ಏಪ್ರಿಕಾಟಿನ ಒಂದು ಹೋಳು ಮೂರೂವರೆ ಗ್ರಾಂ. 100 ಗ್ರಾಂ ಬೇಕಿದ್ದರೆ 28 ಹೋಳು ಎಣಿಸಿ ಹಾಕಿದರೆ ಆಯಿತು.

ತಕ್ಕಡಿ ಪಕ್ಷ
ಹಿಡಿಯ ಲೆಕ್ಕ ಎನ್ನುತ್ತಿದ್ದ ನೀವೇ ಈಗ ಅರ್ಧ ಗ್ರಾಮಿನವರೆಗೂ ಹೇಳುತ್ತಿದ್ದೀರಿ! ಎಣಿಸುವ ಉಪಾಯ ನನಗೆ ಬಹಳ ಹಿಡಿಸಿತು. ತಕ್ಕಡಿ ಇಲ್ಲದಾಗ ಕಪ್ಪಿಗಿಂತ ಇದೇ ಮೇಲು.

ಮೂಲೆ ಅಂಗಳ
ಯಾರೂ ಹೇಳದ ಸುಲಭ ದಾರಿ ಒಂದಿದೆ. ಪೊಟ್ಟಣದ ಮೇಲೆ ನಿವ್ವಳ ತೂಕ ಅಚ್ಚಾಗಿರುತ್ತದೆ. ಒಡೆಯದ 500 ಗ್ರಾಂ ಪೊಟ್ಟಣ ತಂದು ಪೂರ್ತಿ ಹಣ್ಣನ್ನು ನಿಮ್ಮದೇ ಕಪ್ಪಿನಲ್ಲಿ, ನಿಮ್ಮದೇ ಕೈಯಲ್ಲಿ ಅಳೆಯಿರಿ. ಎಷ್ಟು ಕಪ್ ಬಂತೋ ಅದರಿಂದ 500ನ್ನು ಭಾಗಿಸಿ. ಬಂದದ್ದು ನಿಮ್ಮ ಹಣ್ಣಿನ, ನಿಮ್ಮ ಕಪ್ಪಿನ, ನಿಮ್ಮ ಕೈಯ ಅಂಕಿ. ಯಾವ ದೇಶದ ಪಟ್ಟಿಯೂ ಇದರಷ್ಟು ನಿಮಗೆ ಹೊಂದುವುದಿಲ್ಲ. ಕಪ್ಪೂ ಇಲ್ಲದಿದ್ದರೆ ಹಣ್ಣನ್ನು ತಟ್ಟೆಯಲ್ಲಿ ಹರಡಿ ಐದು ಸಮ ಗುಂಪು ಮಾಡಿ, ಎರಡು ಗುಂಪು ತೆಗೆದುಕೊಂಡರೆ 200 ಗ್ರಾಂ.

ಕಿಟಕಿ ಪಕ್ಕ
ತಕ್ಕಡಿಯನ್ನೇ ಮಾಡಿಕೊಳ್ಳಬಹುದು. ಬಟ್ಟೆ ನೇತುಹಾಕುವ ಹ್ಯಾಂಗರಿನ ಎರಡು ತುದಿಗೆ ಒಂದೇ ತೆರನ ಎರಡು ಚೀಲ ಕಟ್ಟಿ, ಹ್ಯಾಂಗರನ್ನು ಮೊಳೆಗೆ ತೂಗುಹಾಕಿ. ಒಂದರಲ್ಲಿ 200 ಮಿ.ಲೀ. ನೀರು, ಇನ್ನೊಂದರಲ್ಲಿ ಹಣ್ಣು. ಹ್ಯಾಂಗರ್ ಸಮನಾಗಿ ನಿಂತಾಗ 200 ಗ್ರಾಂ. ನೀರಿನ ಲೆಕ್ಕ ಇಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ, ಮೇಷ್ಟ್ರೇ.

ಪಾಠದ ಮೇಷ್ಟ್ರು
ಪೂರ್ತಿ ಸರಿ. ಹಣ್ಣು ಹಾಕುವ ಮೊದಲು ಖಾಲಿ ಚೀಲಗಳೊಂದಿಗೆ ಹ್ಯಾಂಗರ್ ಸಮನಾಗಿ ನಿಲ್ಲುತ್ತದೆಯೇ ಎಂದು ನೋಡಿಕೊಳ್ಳಿ.

ಒಲೆಯ ಮುಂದೆ
ಎರಡು ದಿನ ಬಿಟ್ಟು ಬರುತ್ತಿದ್ದೇನೆ. ಪೊಟ್ಟಣದ ಉಪಾಯ ಮಾಡಿ ನೋಡಿದೆ. 500 ಗ್ರಾಂ ದ್ರಾಕ್ಷಿ, ಅದುಮದೆ, ಅಂಚಿಗೆ ಮಟ್ಟಸವಾಗಿ ಚಾಕುವಿನ ಬೆನ್ನಿನಿಂದ ಸವರಿ ಅಳೆದಾಗ ಮೂರೂಕಾಲು ಕಪ್ ಬಂತು. ಭಾಗಿಸಿದರೆ ಸುಮಾರು 154. ಅಳತೆಗೋಲು ಅವರು ಹೇಳಿದ್ದು 153! ಏಪ್ರಿಕಾಟನ್ನು ಎಣಿಸಿ ಹಾಕಿದೆ, ಖರ್ಜೂರ ಅರ್ಧ ಕಪ್. ಕೇಕಿನ ಪ್ರತಿ ತುಂಡಿನಲ್ಲೂ ಹಣ್ಣು ಸಿಕ್ಕಿತು. ಎಲ್ಲರಿಗೂ ಋಣಿ.

ಒಂದು ಅನುಮಾನ ಮಾತ್ರ ಉಳಿದಿದೆ. ಏಪ್ರಿಕಾಟ್ 28 ಹೋಳುಗಳನ್ನು ಎಣಿಸಿ ಕಪ್ಪಿಗೆ ಹಾಕಿ ನೋಡಿದರೆ ಮುಕ್ಕಾಲು ದಾಟಿ, ಕಪ್ ತುಂಬಿ, ಇನ್ನೂ ಉಳಿಯಿತು. ಎಲ್ಲಿ ತಪ್ಪಿದೆ?

ಬೇಕರಿ ಬೆಳಗು
ಅವು ಹೋಳುಗಳೋ, ಬೀಜ ತೆಗೆದು ಇಡಿಯಾಗಿ ಒಣಗಿಸಿದವೋ? ಇಡಿಯವು ಎರಡು ಪದರ ಸೇರಿ ದಪ್ಪಗಿರುತ್ತವೆ, ತೂಕವೂ ಹೋಳಿನ ಇಮ್ಮಡಿಯ ಹತ್ತಿರ.

ಒಲೆಯ ಮುಂದೆ
ಈಗ ಬಿಡಿಸಿ ನೋಡಿದೆ. ಇಡಿಯವೇ. ಹಾಗಿದ್ದರೆ 100ರ ಬದಲು ಹತ್ತಿರ ಹತ್ತಿರ 200 ಗ್ರಾಂ ಹಾಕಿದ್ದೇನೆ.

ಹಳೆಯ ಕೈ
ತಪ್ಪು ನನ್ನದು. ಹೋಳು ಎಂದು ಬರೆದೆ, ಇಡಿಯದ್ದಾದರೆ 14 ಸಾಕು ಎಂದೂ ಸೇರಿಸಬೇಕಿತ್ತು. ಕೇಕ್ ಹೇಗಿತ್ತು?

ಒಲೆಯ ಮುಂದೆ
ಮಧ್ಯದಲ್ಲಿ ಸ್ವಲ್ಪ ಕುಸಿದಿತ್ತು. ರುಚಿ ಚೆನ್ನಾಗಿತ್ತು, ಹುಳಿ ತುಸು ಮುಂದಿತ್ತು.

ಹಿಟ್ಟಿನ ಕೈ
ಕುಸಿತಕ್ಕೆ ಆ ಹೆಚ್ಚುವರಿ ಹಣ್ಣಿನ ಭಾರವೂ ಕಾರಣವಿರಬಹುದು. ಹಳೆಯ ಕೈ ಅವರೇ, 20 ಗ್ರಾಮಿಗೆ ಏನೂ ಆಗುವುದಿಲ್ಲ ಎಂಬ ಮಾತು ಒಪ್ಪುತ್ತೇನೆ, ಆದರೆ 100 ಗ್ರಾಮಿಗೆ ಆಗುತ್ತದೆ.

ಹಳೆಯ ಕೈ
ಒಪ್ಪಿದೆ.

ಹೊಸ ಕೈ
ಬಳೆಯಂತೆ ಕೊಯ್ದು ಒಣಗಿಸಿದ ಸೇಬಿಗೆ ಲೆಕ್ಕವೇನು? ನನಗೆ ಒಂದು ಕಪ್ ಬೇಕು, ತಕ್ಕಡಿ ಇದೆ.

ಅಳತೆಗೋಲು
ಪಟ್ಟಿಯಲ್ಲಿ 86 ಗ್ರಾಂ, ನಿಮ್ಮದು ಮೆಟ್ರಿಕ್ ಕಪ್ ಆಗಿದ್ದರೆ 91. ಬಳೆಗಳ ನಡುವೆ ಗಾಳಿ ಬಹಳ, ಅದಕ್ಕೇ ಇಷ್ಟು ಕಡಿಮೆ. ಚೂರು ಮಾಡಿ ತುಂಬಿದರೆ ಈ ಅಂಕಿ ಕೂಡುವುದಿಲ್ಲ. ತಕ್ಕಡಿ ಇದೆಯಲ್ಲ, ಮೊದಲು ಬಳೆಗಳನ್ನೇ ತೂಗಿ ಆಮೇಲೆ ಮುರಿಯಿರಿ.